ಶಿಶುಪಾಲನೆಯೂ ಮನೆಯಲ್ಲಿರುವ ಆಯಾಳೂ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಕೂಟದಲ್ಲಿ ವರ್ಷವರ್ಷವೂ ಕೇಳಿಬರುವ ಪ್ರಶ್ನೆಯೊಂದುಂಟು. ಪ್ರಾರ್ಥನೆಯೂ ವರದಿಯ ವಾಚನವೂ ಮುಗಿದು, ಚಹಾ ಹಂಚುವ ಹೊತ್ತಿನಲ್ಲಿ ಇಬ್ಬಿಬ್ಬರಾಗಿ ಮೂವರು ಮೂವರಾಗಿ ನಿಂತು ಮಾತಾಡುವಾಗ, ಕೈಗೂಸುಳ್ಳವಳು ಪಕ್ಕದವಳನ್ನು ಮೆಲ್ಲಗೆ ಕೇಳುತ್ತಾಳೆ: "ನಿಮ್ಮ ಮನೆಯಲ್ಲಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?" ನಮ್ಮ ತಾಯಂದಿರ ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಅಜ್ಜಿ ಇದ್ದಳು, ಅತ್ತೆ ಇದ್ದಳು, ಮದುವೆಯಾಗದ ಚಿಕ್ಕಮ್ಮನೊಬ್ಬಳಿದ್ದಳು; ಮಗು ಕಂಕುಳಿಂದ ಕಂಕುಳಿಗೆ ದಾಟಿಕೊಂಡು ತಾನಾಗಿ ಬೆಳೆಯುತ್ತಿತ್ತು. ಈಗಲಾದರೋ ನಮ್ಮ ಶಾಲೆಯಲ್ಲಿ ಕಲಿತ ಹೆಣ್ಣುಮಕ್ಕಳು ಆಸ್ಪತ್ರೆಗಳಲ್ಲಿಯೂ ಬ್ಯಾಂಕುಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಬೆಂಗಳೂರಿನ ದೊಡ್ಡ ದೊಡ್ಡ ಕಚೇರಿಗಳಲ್ಲಿಯೂ ಉದ್ಯೋಗದಲ್ಲಿದ್ದಾರೆ. ಅವರ ಅತ್ತೆಯಂದಿರಲ್ಲಿಯೂ ಅನೇಕರಿಗೆ ಇನ್ನೂ ನಿವೃತ್ತಿಯಾಗಿಲ್ಲ.

2017ರಲ್ಲಿ ಪ್ರಸೂತಿ ಸೌಲಭ್ಯದ ಕಾಯಿದೆಗೆ ಆದ ತಿದ್ದುಪಡಿಯಿಂದ, ಉದ್ಯೋಗದಲ್ಲಿರುವ ತಾಯಿಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತವಾದ ರಜೆ ದೊರಕಿತು. 50 ಮಂದಿಗೆ ಕಡಿಮೆಯಿಲ್ಲದ ನೌಕರರುಳ್ಳ ಸ್ಥಳಗಳಲ್ಲಿ ಶಿಶುಗೃಹವಿರಬೇಕೆಂದೂ ವಿಧಿಸಲ್ಪಟ್ಟಿತು. ಇದು ದೊಡ್ಡ ಉಪಕಾರವೇ ಸರಿ. ಆದರೆ 26 ವಾರಗಳು ತೀರುವಾಗ ಕೂಸಿಗೆ ಆರು ತಿಂಗಳು. ಆಗತಾನೇ ಬೋರಲು ಬಿದ್ದು, ಗುರುತಿನ ಮುಖ ಕಂಡರೆ ನಕ್ಕು, ಹೊಸ ಮುಖ ಕಂಡರೆ ತುಟಿ ಬಿರಿಯುವ ಪ್ರಾಯ. ಅದೇ ವಾರದಲ್ಲಿ ತಾಯಿ ಕೈಚೀಲ ಹಿಡಿದು ಹೊಸ್ತಿಲು ದಾಟಬೇಕಾಗುತ್ತದೆ. ಆಗ ಅವಳ ಮುಂದಿರುವ ದಾರಿಗಳು ನಾಲ್ಕು: ಬಂಧುಗಳು, ಶಿಶುಗೃಹ, ಹಗಲು ಬಂದು ಸಂಜೆ ಹೋಗುವ ಹೆಂಗಸು, ಮನೆಯಲ್ಲಿಯೇ ಇದ್ದು ಹಗಲಿರುಳು ಮಗುವನ್ನು ನೋಡಿಕೊಳ್ಳುವ ಆಯಾ. ಮೊದಲಿನ ಮೂರನ್ನು ಕುರಿತು ಬಲ್ಲವರು ಬೇಕಾದಷ್ಟು ಹೇಳಿದ್ದಾರೆ. ನಾಲ್ಕನೆಯದನ್ನು ಕುರಿತು ಮಾತಾಡುವವರು ಕಡಿಮೆ, ಮಾಡುವವರು ಬಹಳ. ಆದಕಾರಣ ನಾವು ಆ ವಿಷಯವನ್ನೇ ಇಲ್ಲಿ ಎತ್ತಿಕೊಂಡಿದ್ದೇವೆ.

ಆಯಾ ಎಂಬ ಶಬ್ದವು ಕನ್ನಡದ್ದಲ್ಲ. ಪೋರ್ತುಗೀಸರು ತಮ್ಮ ಮಕ್ಕಳನ್ನು ಪೋಷಿಸುವ ಹೆಂಗಸನ್ನು ಹಾಗೆ ಕರೆಯುತ್ತಿದ್ದರು. ಅವರಿಂದ ಇಂಗ್ಲಿಷರಿಗೂ ನಮಗೂ ಬಂತು. ಅದರ ಬೇರು ಲತೀನಿನಲ್ಲಿ ಅಜ್ಜಿ ಎಂಬರ್ಥದ ಶಬ್ದವೆಂದು ಬಲ್ಲವರು ಹೇಳುತ್ತಾರೆ. ಅಜ್ಜಿಯಿಲ್ಲದ ಮನೆಗೆ ಬರುವವಳ ಹೆಸರಿನಲ್ಲಿ ಅಜ್ಜಿಯೇ ಅಡಗಿರುವುದು ವಿನೋದವಲ್ಲವೆ! ನಮ್ಮ ಭಾಷೆಯಲ್ಲಿ ದಾದಿ, ಸಾಕುತಾಯಿ ಎಂಬ ಮಾತುಗಳುಂಟು. ಸತ್ಯವೇದವನ್ನು ಓದಿದವರಿಗೆ ದಾದಿ ಎಂಬದು ಪರಿಚಿತವಾದದ್ದೇ.

1809ರಲ್ಲಿ ಬೆಂಗಳೂರಿನ ದಂಡುಪ್ರದೇಶ ಸ್ಥಾಪನೆಯಾದಂದಿನಿಂದ ಅಲ್ಲಿಯ ಬಂಗಲೆಗಳಲ್ಲಿ ಆಯಾಗಳಿದ್ದರು. ಬೊಂಬಾಯಿಯಲ್ಲಿ 1865ರಲ್ಲಿ ಹುಟ್ಟಿದ ರಡ್ಯರ್ಡ್ ಕಿಪ್ಲಿಂಗನನ್ನು ಎತ್ತಿ ಆಡಿಸಿದವಳು ಗೋವೆಯ ರೋಮನ್ ಕಥೋಲಿಕ ಆಯಾ. ಅವನು ಎಳೆಯ ಪ್ರಾಯದಲ್ಲಿ ಆಳುಗಳ ಭಾಷೆಯಲ್ಲಿಯೇ ಯೋಚಿಸುತ್ತಿದ್ದನೆಂದೂ, ತಂದೆತಾಯಿಗಳ ಬಳಿಗೆ ಕಳುಹಿಸುವಾಗ ಇನ್ನು ಇಂಗ್ಲಿಷ್ ಆಡಬೇಕೆಂದು ನೆನಪು ಮಾಡಿ ಕಳುಹಿಸುತ್ತಿದ್ದರೆಂದೂ ಮುದಿಪ್ರಾಯದಲ್ಲಿ ತಾನೇ ಬರೆದಿಟ್ಟಿದ್ದಾನೆ. ಆರು ವರ್ಷ ತುಂಬುವ ಮೊದಲೇ, 1871ರಲ್ಲಿ, ಅವನನ್ನೂ ತಂಗಿಯನ್ನೂ ಇಂಗ್ಲೆಂಡಿಗೆ ಕಳುಹಿಸಿದರು. ಆಯಾಳು ಬೊಂಬಾಯಿಯಲ್ಲಿಯೇ ಉಳಿದಳು.

ಕೆಲವರು ಹಾಗೆ ಉಳಿಯದೆ ದೊರೆಸಾನಿಯರೊಂದಿಗೆ ಹಡಗು ಹತ್ತಿದರು. ಸಮುದ್ರಪ್ರಯಾಣದಲ್ಲಿ ಮಕ್ಕಳನ್ನು ನೋಡಿಕೊಳ್ಳುವದಕ್ಕೆ ಅವರು ಬೇಕಾಗಿದ್ದರು. ಲಂಡನು ಮುಟ್ಟಿದ ಮೇಲೆ ಬೇಕಾಗಿರಲಿಲ್ಲ. ಮರಳುವದಕ್ಕೆ ಹಡಗಿನ ಚೀಟಿಯನ್ನೂ ಕೊಡದೆ ಅವರನ್ನು ಬೀದಿಗೆ ಬಿಟ್ಟ ಮನೆಗಳೂ ಇದ್ದವು. ಇಂಥ ದಿಕ್ಕಿಲ್ಲದವರಿಗಾಗಿ ಅಲ್ಲಿ ಒಂದು ಆಶ್ರಯಗೃಹ ನಡೆಯುತ್ತಿತ್ತು. 1900ರಲ್ಲಿ ಅದು ಹ್ಯಾಕ್ನಿ ಎಂಬ ಭಾಗದಲ್ಲಿ ಕಿಂಗ್ ಎಡ್ವರ್ಡ್ಸ್ ರೋಡಿನ 26ನೆಯ ಮನೆಗೆ ಬಂತು. 1921ರಲ್ಲಿ ಅದೇ ಬೀದಿಯ 4ನೆಯ ಮನೆಗೆ ಹೋಯಿತು. ಅದನ್ನು ನಡೆಸಿದವರು ಲಂಡನ್ ಸಿಟಿ ಮಿಶನಿನವರು. 2022ರಲ್ಲಿ ಆ 26ನೆಯ ಮನೆಯ ಗೋಡೆಗೆ ಸ್ಮಾರಕವಾಗಿ ನೀಲಿ ಫಲಕವನ್ನು ಹಾಕಿದ್ದಾರೆ. ಮಿಶನಿನ ಶಾಲೆಯಲ್ಲಿ ಓದಿದ ನಾವು ಈ ಸಂಗತಿಯನ್ನು ಕೇಳಿ ಮಿಶನಿನವರನ್ನು ಮೆಚ್ಚಿ ಸುಮ್ಮನಾಗಬಹುದು. ಆದರೆ ಆ ಹೆಂಗಸರನ್ನು ಹೊರಗೆ ಬಿಟ್ಟ ಮನೆಗಳವರೂ ಭಾನುವಾರ ದೇವಾಲಯಕ್ಕೆ ಹೋಗುವವರೇ ಆಗಿದ್ದರೆಂಬದನ್ನು ಮರೆಯಬಾರದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಆಯಾಳು ಮನೆಯವಳೋ ಸಂಬಳದವಳೋ? ಈ ಪ್ರಶ್ನೆಯನ್ನು ನಾವು ನಮ್ಮ ಅನುಕೂಲ ನೋಡಿ ತಿರುಗಿಸುತ್ತೇವೆ. ರಾತ್ರಿ ಎರಡು ಗಂಟೆಗೆ ಮಗು ಅತ್ತರೆ ಅವಳು ಮನೆಯವಳು. ಎಲ್ಲರೂ ಊಟಕ್ಕೆ ಕುಳಿತಾಗ ಅವಳು ಸಂಬಳದವಳು. ಹಬ್ಬದ ಕೆಲಸಕ್ಕೆ ಮನೆಯವಳು. ಹಬ್ಬದ ಸೀರೆ ತರುವಾಗ ಸಂಬಳದವಳು. "ಅವಳನ್ನು ನಾವು ಮಗಳ ಹಾಗೆ ನೋಡಿಕೊಳ್ಳುತ್ತೇವೆ" ಎಂದು ಹೇಳುವ ಮನೆಗಳಲ್ಲಿ, ಆ ಮಗಳಿಗೆ ವಾರಕ್ಕೊಂದು ದಿನದ ಬಿಡುವುಂಟೋ ಎಂದು ವಿಚಾರಿಸಿದರೆ ಉತ್ತರ ಬರುವದಕ್ಕೆ ತಡವಾಗುತ್ತದೆ. ಪ್ರೀತಿಯ ಹೆಸರು ಹೇಳಿ ಕೂಲಿಯನ್ನು ತಗ್ಗಿಸುವವರೂ ಉಂಟು. ಕೂಲಿ ಕೊಡುತ್ತೇವಲ್ಲಾ ಎಂದು ಪ್ರೀತಿಯನ್ನು ತಗ್ಗಿಸುವವರೂ ಉಂಟು.

ಇದನ್ನು ಕುರಿತು ಯೋಚಿಸುವಾಗೆಲ್ಲಾ ನಮಗೆ ವಿಮೋಚನಕಾಂಡದ ಎರಡನೆಯ ಅಧ್ಯಾಯವು ನೆನಪಿಗೆ ಬರುತ್ತದೆ. ಆ ಕಥೆಯನ್ನು ಭಾನುವಾರದ ಶಾಲೆಯಲ್ಲಿ ಚಿತ್ರಪಟ ತೂಗುಹಾಕಿ ನಮಗೆಲ್ಲಾ ಕಲಿಸಿದ್ದಾರೆ: ಜಂಬಿನ ಪೆಟ್ಟಿಗೆ, ನೈಲ್ ನದಿ, ದಡದಲ್ಲಿ ದೂರ ನಿಂತ ಅಕ್ಕ, ಸ್ನಾನಕ್ಕೆ ಬಂದ ಫರೋಹನ ಮಗಳು. ನಾವು ಚಿಕ್ಕವರಾಗಿದ್ದಾಗ ಪೆಟ್ಟಿಗೆಯನ್ನೇ ನೋಡುತ್ತಿದ್ದೆವು. ಮೊಸಳೆ ಬಂದುಬಿಟ್ಟರೆ ಎಂಬ ಭಯ ಬೇರೆ. ದೊಡ್ಡವರಾದ ಮೇಲೆ ಕಣ್ಣಿಗೆ ಬಿದ್ದದ್ದು ಅದರ ಮುಂದಿನ ಸಂಗತಿ. ಅಕ್ಕನು ಓಡಿಹೋಗಿ ಹೆತ್ತ ತಾಯಿಯನ್ನೇ ದಾದಿಯಾಗಿ ಕರತರುತ್ತಾಳೆ. ರಾಜಪುತ್ರಿಯು ಈ ಕೂಸಿಗೆ ಹಾಲು ಕೊಟ್ಟು ಸಾಕೆಂದು ಹೇಳಿ, ಅದಕ್ಕೆ ಸಂಬಳ ಕೊಡುವೆನೆಂದು ತಾನಾಗಿಯೇ ಮಾತು ಕೊಡುತ್ತಾಳೆ. ಮೋಶೆಯ ತಾಯಿ ತನ್ನ ಸ್ವಂತ ಮಗುವನ್ನು ಸಂಬಳಕ್ಕೆ ಸಾಕಿದಳು! ಆ ಸಂಬಳದಿಂದ ಅವಳ ಮಾತೃವಾತ್ಸಲ್ಯವು ಒಂದು ಹನಿಯಾದರೂ ಕಡಿಮೆಯಾಯಿತೆಂದು ಯಾರು ಹೇಳಿಯಾರು? ಕೇಳುವದಕ್ಕೆ ಮೊದಲೇ ಸಂಬಳದ ಮಾತಾಡಿದ ಆ ರಾಜಪುತ್ರಿಗೆ ಈ ದಾದಿ ಯಾರೆಂಬದು ತಿಳಿದಿರಲಿಲ್ಲ. ಹೆಂಗಸೊಬ್ಬಳು ತನ್ನ ಮೈಯ ಬಲವನ್ನೂ ನಿದ್ರೆಯನ್ನೂ ಕೊಡುವಾಗ ಅದಕ್ಕೆ ಬೆಲೆಯುಂಟೆಂಬದು ಮಾತ್ರ ತಿಳಿದಿತ್ತು. ಅವಳು ಪರಧರ್ಮದವಳು, ದಬ್ಬಾಳಿಕೆಯ ಅರಸನ ಮಗಳು. ನಮ್ಮಲ್ಲಿ ಅನೇಕರಿಗಿಂತ ಈ ಒಂದು ವಿಷಯದಲ್ಲಿ ಅವಳು ಮೇಲು.

ಅದೇ ಗ್ರಂಥದಲ್ಲಿ ಬೇರೆ ದಾದಿಯರೂ ಇದ್ದಾರೆ. ರೆಬೆಕ್ಕಳು ಮದುವೆಯಾಗಿ ಹೊರಟಾಗ ಅವಳ ದಾದಿಯೂ ಜೊತೆಗೆ ಹೊರಡುತ್ತಾಳೆ. ಎಷ್ಟೋ ಕಾಲದ ಮೇಲೆ ಆಕೆ ತೀರಿಕೊಂಡಾಗ ಬೇತೇಲಿನ ಹತ್ತಿರ ಒಂದು ಮರದ ಕೆಳಗೆ ಸಮಾಧಿ ಮಾಡಿ, ಆ ಮರಕ್ಕೆ ದುಃಖವೃಕ್ಷವೆಂಬ ಅರ್ಥದ ಹೆಸರಿಟ್ಟರು. ಆಕೆಯ ಹೆಸರು ದೆಬೋರ ಎಂಬದನ್ನೂ ಬರೆದಿಟ್ಟರು. ಯೋನಾತಾನನ ಐದು ವರ್ಷದ ಮಗ ಮೆಫೀಬೋಶೆತನನ್ನು ಎತ್ತಿಕೊಂಡು ಓಡಿದ ದಾದಿಯ ಹೆಸರಾದರೋ ಬರೆದಿಲ್ಲ. ಅವಳ ಅವಸರದಲ್ಲಿ ಮಗು ಬಿದ್ದು ಎರಡು ಕಾಲೂ ಕುಂಟಾದವು. ಅಷ್ಟಾದರೂ ಆಕೆಯ ಮೇಲೆ ಒಂದು ದೋಷವಚನವೂ ಅಲ್ಲಿಲ್ಲ. ಯುದ್ಧದ ಸುದ್ದಿ ಬಂದಾಗ ತನ್ನ ಜೀವವನ್ನೊಂದೇ ಉಳಿಸಿಕೊಂಡು ಓಡದೆ ಮಗುವನ್ನು ಎತ್ತಿಕೊಂಡವಳು ಅವಳು. ಮನೆಯಲ್ಲಿ ಮಗು ಬಿದ್ದು ಹಣೆ ಬುಗುಟೆದ್ದಾಗ ಆಯಾಳ ಮೇಲೆ ಹರಿಹಾಯುವ ಮೊದಲು ಇದನ್ನು ನೆನೆಯುವದು ಒಳ್ಳೆಯದು. ನಮ್ಮ ಕೈಯಿಂದಲೂ ಮಕ್ಕಳು ಬಿದ್ದಿವೆ.

ಆಯಾಳನ್ನು ಆರಿಸುವ ಕ್ರಮವನ್ನು ಹೇಳುವ ಮೊದಲು, ಆರಿಸಬಾರದವಳು ಯಾರೆಂಬದನ್ನು ಹೇಳಬೇಕು. ಹತ್ತು ಹನ್ನೆರಡು ವರ್ಷದ ಹುಡುಗಿಯನ್ನು ಹಳ್ಳಿಯಿಂದ ಕರತಂದು ಕೂಸನ್ನು ಎತ್ತಿಕೊಳ್ಳುವದಕ್ಕೆ ಇಟ್ಟುಕೊಳ್ಳುವ ವಾಡಿಕೆ ನಮ್ಮ ಬಾಲ್ಯದಲ್ಲಿ ಎಲ್ಲಾ ಕಡೆಯಲ್ಲಿಯೂ ಇತ್ತು. ಒಳ್ಳೆಯ ಮನೆಗಳೆನಿಸಿಕೊಂಡವುಗಳಲ್ಲಿಯೂ ಇತ್ತು. ಊಟ ಬಟ್ಟೆ ಕೊಟ್ಟು ಮುಂದೆ ಮದುವೆ ಮಾಡಿಸುತ್ತೇವೆಂದು ಹೇಳಿದರೆ ಸಾಕಾಗುತ್ತಿತ್ತು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಡುವದು ಕಾನೂನಿನಿಂದ ನಿಷೇಧವಾಯಿತು. 2016ರ ತಿದ್ದುಪಡಿಯು ಅಂಥ ಮಕ್ಕಳನ್ನು ಯಾವ ಉದ್ಯೋಗಕ್ಕೂ ಇಟ್ಟುಕೊಳ್ಳಬಾರದೆಂದಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯ ಪ್ರಕಾರ ಆರರಿಂದ ಹದಿನಾಲ್ಕು ವರ್ಷದವರೆಗಿನ ಪ್ರತಿಯೊಂದು ಮಗುವಿಗೂ ಶಾಲೆಯ ಬೆಂಚಿನ ಮೇಲೆ ಸ್ಥಳವುಂಟು. ಕಾನೂನು ಹಾಗಿರಲಿ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತು, ಸಮವಸ್ತ್ರ ತೊಟ್ಟು ಹೋಗುವ ನಮ್ಮ ಶಾಲೆಯ ಹುಡುಗಿಯರನ್ನು ನೋಡುವ ಆ ಹುಡುಗಿಯು ಯಾರ ಬೆಂಚಿನಲ್ಲಿ ಕುಳಿತುಕೊಳ್ಳಬೇಕಾಗಿತ್ತು? ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿತವಳು ಮತ್ತೊಂದು ಹೆಣ್ಣುಮಗುವನ್ನು ಹಾಗೆ ನಿಲ್ಲಿಸುವದಕ್ಕಿಂತ ನಾಚಿಕೆಗೇಡು ಬೇರೆ ನಮಗೆ ತೋರುವದಿಲ್ಲ. ಹದಿನಾಲ್ಕು ತುಂಬಿದವರನ್ನು ಅಪಾಯವಿಲ್ಲದ ಕೆಲಸಕ್ಕೆ ಇಡುವದಕ್ಕೆ ಕಾನೂನು ಅಡ್ಡಬಾರದಿದ್ದರೂ, ಪರರ ಮನೆಯಲ್ಲಿ ರಾತ್ರಿ ಮಲಗಿ ಕೂಸಿನ ಹೊಣೆ ಹೊರುವದಕ್ಕೆ ಹದಿನೆಂಟು ದಾಟಿರಲೇಬೇಕೆಂಬದು ನಮ್ಮ ಅಭಿಪ್ರಾಯ. ಪ್ರಾಯದ ದಾಖಲೆಯನ್ನು ಕಣ್ಣಾರೆ ನೋಡಿರಿ. ದಲಾಲಿಯ ಬಾಯಿಮಾತನ್ನು ನಂಬಬೇಡಿರಿ.

ದಲಾಲಿ ಎಂದೆವು. ದೊಡ್ಡ ಪಟ್ಟಣಗಳಲ್ಲಿ ಆಯಾಗಳನ್ನು ಒದಗಿಸುವ ಸಂಸ್ಥೆಗಳು ಈಗ ಬೇಕಾದಷ್ಟು ಇವೆ. ಕೆಲವು ಒಳ್ಳೆಯವು. ಕೆಲವು ಜಾರ್ಖಂಡ, ಒಡಿಶಾ, ಅಸ್ಸಾಮಿನಂಥ ದೂರದ ಸೀಮೆಗಳಿಂದ ಭಾಷೆ ತಿಳಿಯದ ಹುಡುಗಿಯರನ್ನು ಕರತಂದು, ಅವರ ಸಂಬಳವನ್ನು ತಾವೇ ಪಡೆದು ಅರೆಪಾಲು ಕೈಗಿಡುತ್ತವೆ. ಆದದರಿಂದ ಸಂಸ್ಥೆಗೆ ಸಲ್ಲತಕ್ಕದ್ದನ್ನು ಸಂಸ್ಥೆಗೆ ಸಲ್ಲಿಸಿ, ಸಂಬಳವನ್ನು ಮಾತ್ರ ಆಕೆಯ ಹೆಸರಿನ ಬ್ಯಾಂಕು ಖಾತೆಗೇ ಕಟ್ಟಬೇಕು. ಖಾತೆಯಿಲ್ಲದಿದ್ದರೆ ಜನಧನ ಯೋಜನೆಯಲ್ಲಿ ಹಣವಿಡದೆಯೇ ತೆರೆಯಬಹುದು. ಜೊತೆಗೆ ಹೋಗಿ ತೆರೆಸಿಕೊಡುವದು ಒಂದು ಬೆಳಗಿನ ಕೆಲಸ. ಗುರುತಿನ ಕಾಗದವನ್ನು ಪೊಲೀಸು ಠಾಣೆಯಲ್ಲಿ ತೋರಿಸಿ ವಿಚಾರಣೆ ಮಾಡಿಸಬಹುದು. ಆದರೆ ಇದೆಲ್ಲಕ್ಕಿಂತ ಮೇಲಾದ ವಿಚಾರಣೆಯೆಂದರೆ ಆಕೆ ಹಿಂದೆ ಇದ್ದ ಮನೆಗೆ ನಾವೇ ಹೋಗುವದು. ಅಲ್ಲಿಯ ತಾಯಿಯ ಹೊಗಳಿಕೆಗೆ ಕಿವಿಗೊಡುವದಕ್ಕಿಂತಲೂ, ಆಯಾಳ ಹೆಸರೆತ್ತಿದಾಗ ಅಲ್ಲಿಯ ಮಗುವಿನ ಮುಖವನ್ನು ನೋಡಿಕೊಂಡು ಬನ್ನಿರಿ.

ಎರಡು ವಾರಕ್ಕೆ ಮೀರಿದ ಕೆಮ್ಮಿರುವ ಯಾರನ್ನೇ ಆಗಲಿ ಕ್ಷಯದ ಪರೀಕ್ಷೆ ಮಾಡಿಸದೆ ಕೂಸಿನ ಹತ್ತಿರ ಬಿಡಬಾರದು. ಸರಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಗೂ ಔಷಧಕ್ಕೂ ಹಣ ಕೊಡಬೇಕಾಗಿಲ್ಲ. ಪರೀಕ್ಷೆ ಮಾಡಿಸುವದು ಅವಮಾನವೆಂದು ಆಕೆಗೆ ತೋರದಂತೆ ಮನೆಯವರೆಲ್ಲರೂ ಜೊತೆಯಲ್ಲಿ ಮಾಡಿಸಿಕೊಂಡರೆ ಉತ್ತಮ.

ಕರಾರನ್ನು ಬರೆದಿಡಬೇಕೇ ಎಂದು ಕೆಲವರು ಸಂಕೋಚಪಡುತ್ತಾರೆ. ಬರೆದೇ ಇಡಬೇಕು. ಒಂದು ಹಾಳೆ ಸಾಕು. ಆಕೆಗೆ ತಿಳಿಯುವ ಭಾಷೆಯಲ್ಲಿರಬೇಕು, ಓದು ಬಾರದಿದ್ದರೆ ಎರಡು ಸಾರಿ ಓದಿ ಹೇಳಬೇಕು. ಸಂಬಳವೆಷ್ಟು, ಯಾವ ತಾರೀಖಿನಲ್ಲಿ. ಮಗುವಿನ ಕೆಲಸದಲ್ಲಿ ಏನೇನು ಸೇರಿದೆ, ಏನು ಸೇರಿಲ್ಲ. ಮಗುವನ್ನು ನೋಡಿಕೊಳ್ಳುವದಕ್ಕೆಂದು ಕರತಂದವಳಿಂದ ಇಡೀ ಮನೆಯ ಪಾತ್ರೆ, ಬಟ್ಟೆ, ಅಡಿಗೆ ಎಲ್ಲವನ್ನೂ ಮಾಡಿಸುವವರಿಗೆ ಕೊನೆಗೆ ಸಿಕ್ಕುವದು ಶುಚಿಯಾದ ಪಾತ್ರೆಗಳೂ ಅಳುವ ಮಗುವೂ. ನಮ್ಮ ರಾಜ್ಯದ ಸರಕಾರವು 2004ರಲ್ಲಿ ಮನೆಗೆಲಸದವರಿಗೂ ಕನಿಷ್ಠ ವೇತನವನ್ನು ಗೊತ್ತುಮಾಡಿತು. ಅದಕ್ಕಿಂತ ಕಡಿಮೆ ಕೊಡಬಾರದೆಂಬದು ತಿಳಿದದ್ದೇ. ಊಟವನ್ನೂ ಮಲಗುವ ಸ್ಥಳವನ್ನೂ ಲೆಕ್ಕ ಹಾಕಿ ಸಂಬಳದಲ್ಲಿ ಕಡಿಯುವದು ಧರ್ಮವಲ್ಲ. ರಾತ್ರಿ ಆಕೆ ಎದ್ದಿದ್ದರೆ ಮರುದಿನ ಹಗಲಿನಲ್ಲಿ ಆಕೆಗೆ ನಿದ್ರೆ ಬೇಕು. ಇದು ಆಕೆಯ ಮೇಲಣ ಕರುಣೆ ಮಾತ್ರವಲ್ಲ. ತೂಕಡಿಸುವ ಕೈಯಲ್ಲಿ ನಮ್ಮ ಕೂಸು ಇರುತ್ತದೆ. ಮಲಗುವ ಸ್ಥಳಕ್ಕೆ ಒಳಗಿನಿಂದ ಹಾಕಿಕೊಳ್ಳುವ ಅಗಣಿ ಇರಬೇಕು. ಉಗ್ರಾಣದ ಮೂಲೆಯಲ್ಲಿ, ಹಾದಿಯಲ್ಲಿ, ಅಡಿಗೆಮನೆಯ ನೆಲದ ಮೇಲೆ ಹೆಂಗಸನ್ನು ಮಲಗಿಸಬಾರದು. ಕೆಲಸದ ಸ್ಥಳದಲ್ಲಿ ಹೆಂಗಸರ ಮೇಲಾಗುವ ಲೈಂಗಿಕ ಪೀಡನೆಯನ್ನು ಕುರಿತ 2013ರ ಕಾಯಿದೆಯು ಮನೆಯನ್ನೂ ಕೆಲಸದ ಸ್ಥಳವೆಂದೇ ಎಣಿಸುತ್ತದೆ. ಮನೆಗೆಲಸದವಳು ಜಿಲ್ಲೆಯ ಸಮಿತಿಗೆ ದೂರು ಕೊಡಬಹುದು. ಈ ಮಾತನ್ನು ಆಕೆಗೆ ನಾವೇ ತಿಳಿಸಬೇಕು. ಗಂಡಸರಿರುವ ಮನೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳುವದು ಕಷ್ಟವೆಂದು ನಾವೂ ಬಲ್ಲೆವು. ಹೇಳಿದ ಮನೆಯಲ್ಲಿ ಆಕೆಯ ಧೈರ್ಯವು ಹೆಚ್ಚುವದನ್ನೂ ನೋಡಿದ್ದೇವೆ.

ಇನ್ನೊಂದು ಸಣ್ಣ ಸಂಗತಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 2022ರ ಜೂನಿನಿಂದ ವರ್ಷಕ್ಕೆ 20 ರೂಪಾಯಿಯನ್ನು ಕಟ್ಟಿದರೆ ಅಪಘಾತದ ಮರಣಕ್ಕೆ ಎರಡು ಲಕ್ಷ ರೂಪಾಯಿಯ ವಿಮೆಯುಂಟು. ಒಂದು ಹಾಲಿನ ಪೊಟ್ಟಣದ ಬೆಲೆಗೆ ಆಕೆಯ ಮಕ್ಕಳಿಗೆ ಅಷ್ಟಾದರೂ ಆಧಾರ.

ಮಗುವಿನ ಪೋಷಣೆಯ ಕ್ರಮವನ್ನು ಆಯಾಳಿಗೆ ಹೇಳಿಕೊಡುವದು ತಾಯಿಯ ಕೆಲಸ. ಅದಕ್ಕಾಗಿ ರಜೆಯ ಕೊನೆಯ ಮೂರು ನಾಲ್ಕು ವಾರಗಳಾದರೂ ಇಬ್ಬರೂ ಜೊತೆಯಲ್ಲಿರಬೇಕು. ಸೋಮವಾರ ಆಯಾ ಬಂದು ಮಂಗಳವಾರ ತಾಯಿ ಹೊರಟರೆ ಮಗುವಿಗೆ ಇಬ್ಬರ ಮೇಲೂ ನಂಬಿಕೆ ಹೋಗುತ್ತದೆ. ಹಿಂಡಿ ತೆಗೆದ ತಾಯಿಯ ಹಾಲು ನೆರಳಿನ ತಂಪಿನಲ್ಲಿ ನಾಲ್ಕು ಗಂಟೆಯವರೆಗೂ, ಶೀತಪೆಟ್ಟಿಗೆಯಲ್ಲಿ ನಾಲ್ಕು ದಿನದವರೆಗೂ ಕೆಡದೆ ಇರುತ್ತದೆ. ನಮ್ಮ ಸೆಖೆಯ ದಿನಗಳಲ್ಲಿ ಹೊರಗಿಡದಿರುವದೇ ಲೇಸು. ಅದನ್ನು ಸೀಸೆಗಿಂತ ಒಳಲೆಯಲ್ಲಿಯೋ ಚಮಚದಲ್ಲಿಯೋ ಕುಡಿಸುವದು ಕ್ಷೇಮ. ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನೆಕ್ಕಿಸಬಾರದು. ನಾಲ್ಕು ವರ್ಷದೊಳಗಿನ ಮಕ್ಕಳ ಕೈಗೆ ಇಡಿಯ ಕಡಲೆಕಾಯಿ ಬೀಜವನ್ನು ಕೊಡಬಾರದು, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಬಚ್ಚಲುಮನೆಯಲ್ಲಿ ಬಕೀಟಿನ ತಳದಲ್ಲಿ ಗೇಣುದ್ದಕ್ಕಿಂತ ಕಡಿಮೆ ನೀರಿದ್ದರೂ ನಡೆಯಲು ಕಲಿಯುವ ಕೂಸು ತಲೆಕೆಳಗಾಗಿ ಮುಳುಗಬಹುದು. ಕೂಸನ್ನು ಅಂಗಾತ ಮಲಗಿಸಬೇಕು.

ನಿದ್ರೆಯ ಔಷಧವನ್ನು ಕುರಿತು ಬೇರೆಯಾಗಿ ಹೇಳಲೇಬೇಕು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬೊಂಬಾಯಿಯ ಗಿರಣಿಗಳಲ್ಲಿ ದುಡಿಯುವ ತಾಯಂದಿರು, ಮಕ್ಕಳು ಹಗಲೆಲ್ಲಾ ಮಲಗಿರಲೆಂದು ಅಫೀಮು ಬೆರೆತ ‘ಬಾಳಗೋಳಿ’ಯನ್ನು ನುಂಗಿಸುತ್ತಿದ್ದರು. ಬಡತನವೂ ಹನ್ನೊಂದು ಹನ್ನೆರಡು ಗಂಟೆಯ ದುಡಿಮೆಯೂ ಮಾಡಿಸಿದ ಪಾಪವದು. ಇಂದು ಅಫೀಮಿಲ್ಲ, ಕೆಮ್ಮಿನ ಔಷಧದ ಸೀಸೆ ಎಲ್ಲಾ ಮನೆಗಳಲ್ಲಿಯೂ ಉಂಟು. ವೈದ್ಯರು ಬರೆದು ಕೊಡದ ಯಾವ ಔಷಧವನ್ನೂ ಮಗುವಿಗೆ ಕುಡಿಸಬಾರದೆಂದು ಆಯಾಳಿಗೂ ಹೇಳಬೇಕು, ಅಜ್ಜಿಗೂ ಹೇಳಬೇಕು. ಮಗು ದಿನವೆಲ್ಲಾ ಬಹಳ ಸುಮ್ಮನಿದೆಯೆಂದು ಸಂತೋಷಪಡುವದಕ್ಕಿಂತ ಅದರ ಕಣ್ಣನ್ನು ನೋಡುವದು ಮೇಲು. ಆಯಾಳಿಗೂ ದಣಿದಾಗ ಕರೆಯುವದಕ್ಕೆ ಒಬ್ಬರಿರಬೇಕು. ದಣಿದ ಒಂಟಿ ಹೆಂಗಸಿನ ಕೈ ಸೀಸೆಯ ಕಡೆಗೆ ಹೋಗುವದು ಸುಲಭ.

ಮನೆಯಲ್ಲಿ ಕ್ಯಾಮೆರಾ ಇಡುವ ಪದ್ಧತಿ ಈಗ ಹರಡಿದೆ. ಆಕೆಗೆ ತಿಳಿಸಿ, ಮಗು ಆಡುವ ಕೋಣೆಯಲ್ಲಿ ಇಡುವದಾದರೆ ನಮಗೆ ಆಕ್ಷೇಪವಿಲ್ಲ. ಬಚ್ಚಿಟ್ಟು ನೋಡುವದು ಕಳ್ಳತನ.

ಇಷ್ಟೆಲ್ಲಾ ಉಪದೇಶಿಸುವ ನಾವು ಸ್ವತಃ ಮಾಡಿದ ತಪ್ಪನ್ನು ಹೇಳದೆ ಹೋದರೆ ಲೇಖನವು ಸುಳ್ಳಾಗುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಮಗಳು ಕೆಲಸಕ್ಕೆ ಮರಳಿದಾಗ ಮಲೆನಾಡಿನ ಕಡೆಯ ಹೆಂಗಸೊಬ್ಬಳು ಮೊಮ್ಮಗಳನ್ನು ನೋಡಿಕೊಳ್ಳಲು ನಮ್ಮ ಮನೆಗೆ ಬಂದಳು. ಅವಳ ಆರು ವರ್ಷದ ಮಗ ಊರಿನಲ್ಲಿ ಅವಳ ತಾಯಿಯ ಬಳಿಯಲ್ಲಿದ್ದನು. ತಿಂಗಳಿಗೆ ಎರಡು ದಿನ ಊರಿಗೆ ಹೋಗಿ ಬರಬಹುದೆಂದು ಮಾತಾಗಿತ್ತು, ಬರೆದಿಡಲಿಲ್ಲ. ಮೊದಲಿನ ಒಂದು ವರ್ಷ ಮಾತು ನಡೆಯಿತು. ಆಮೇಲೆ ಒಂದು ತಿಂಗಳು ನೆಂಟರು ಬಂದರೆಂದು ತಡೆದೆವು. ಮರುತಿಂಗಳು ಮಗುವಿಗೆ ಚುಚ್ಚುಮದ್ದಿನ ಜ್ವರ. ಅದರ ಮರುತಿಂಗಳು ಕ್ರಿಸ್ತಜಯಂತಿಯ ಸಂಭ್ರಮ, ಮನೆ ತುಂಬ ಜನ. "ಪರವಾಗಿಲ್ಲ ಅಮ್ಮಾ, ಹಬ್ಬ ಕಳೀಲಿ" ಎಂದು ಅವಳೇ ಹೇಳಿದಳು. ಅವಳೇ ಹೇಳಿದಳೆಂಬದನ್ನು ನಾವು ಎಲ್ಲರಿಗೂ ಹೇಳಿಕೊಂಡು ಸಮಾಧಾನಪಟ್ಟೆವು.

ಜನವರಿಯಲ್ಲಿ ಒಂದು ಸಂಜೆ ಊರಿನಿಂದ ಕರೆ ಬಂತು. ಹುಡುಗನಿಗೆ ವಿಷಮಶೀತಜ್ವರ, ಹನ್ನೊಂದು ದಿನವಾದರೂ ಬಿಟ್ಟಿಲ್ಲ, ಅವಳಿಗೆ ತಿಳಿಸಿದರೆ ಕೆಲಸ ಬಿಟ್ಟು ಬಂದಾಳೆಂದು ಅಜ್ಜಿ ತಡಮಾಡಿದ್ದಳು. ಅವಳು ಅಳಲಿಲ್ಲ. ಮಲಗಿದ್ದ ಮಗುವಿನ ಹೊದಿಕೆಯನ್ನು ಸರಿಮಾಡಿ, ಬಾಗಿಲಲ್ಲಿ ನಿಂತು, "ಅಮ್ಮಾ, ಅವನ ಮುಖ ನೋಡಿ ನಾಲ್ಕು ತಿಂಗಳಾಯ್ತು" ಎಂದಳು. ಅಷ್ಟೇ. ರಾತ್ರಿಯ ಬಸ್ಸಿಗೆ ಹೊರಟುಹೋದಳು.

ಅವಳಿಗೆ ಆ ತಿಂಗಳಿನ ಹದಿನೆಂಟು ದಿನದ ಸಂಬಳ ಸಲ್ಲಬೇಕಾಗಿತ್ತು. ಹೇಗೂ ವಾರದಲ್ಲಿ ಬರುತ್ತಾಳೆ, ಆಗ ಕೊಟ್ಟರಾಯಿತೆಂದು ನಾವು ಸುಮ್ಮನಿದ್ದೆವು. ಮನಸ್ಸಿನ ತಳದಲ್ಲಿ, ಹಣ ನಮ್ಮಲ್ಲಿದ್ದರೆ ಬಂದೇ ಬರುತ್ತಾಳೆಂಬ ಎಣಿಕೆಯೂ ಇತ್ತು, ಅದನ್ನು ಮುಚ್ಚಿಡುವದಿಲ್ಲ. ಬಡವನ ಕೂಲಿಯನ್ನು ಹೊತ್ತು ಮುಳುಗುವದಕ್ಕೆ ಮೊದಲೇ ಕೊಡಬೇಕು, ಅವನ ಜೀವವು ಅದರ ಮೇಲೆ ನೆಟ್ಟಿರುತ್ತದೆ ಎಂಬ ಅರ್ಥದ ಮಾತು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿದೆ. ಅದನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಹೊತ್ತು ಒಂಬತ್ತು ಸಾರಿ ಮುಳುಗಿದ ಮೇಲೆ ಹಣ ಕಳುಹಿಸಿದೆವು. ಅಷ್ಟರೊಳಗೆ ಅವಳು ಆಸ್ಪತ್ರೆಯ ಖರ್ಚಿಗೆಂದು ಕಿವಿಯ ಓಲೆಯನ್ನು ಅಡವಿಟ್ಟಿದ್ದಳೆಂದು ಆಮೇಲೆ ತಿಳಿಯಿತು. ದೇವರ ದಯೆಯಿಂದ ಹುಡುಗ ಉಳಿದನು. ಅವಳು ಮರಳಿ ಬರಲಿಲ್ಲ.

ನಮ್ಮ ಮೊಮ್ಮಗಳಿಗೆ ಆಗ ಒಂದೂವರೆ ವರ್ಷ. ಬೆಳಿಗ್ಗೆ ಏಳುತ್ತಲೇ ತಪ್ಪು ಹೆಜ್ಜೆ ಹಾಕಿಕೊಂಡು ಹಿಂದಿನ ಕೋಣೆಗೆ ಹೋಗಿ, ಗೋಡೆಗೆ ಒರಗಿಸಿಟ್ಟಿದ್ದ ಸುತ್ತಿದ ಚಾಪೆಯನ್ನು ತಟ್ಟಿ, "ಅಕ್ಕಾ" ಎನ್ನುತ್ತಿತ್ತು. ಚಾಪೆ ಉತ್ತರ ಕೊಡುವದಿಲ್ಲವಷ್ಟೆ. ಸ್ವಲ್ಪ ಹೊತ್ತು ಕಾದು ಹಿಂದಕ್ಕೆ ಬರುತ್ತಿತ್ತು. ಹದಿನೈದು ದಿನ ಹೀಗೆ ನಡೆಯಿತು. ಆ ಚಾಪೆಯ ಮುಂದೆ ಕಾಯುವ ಕೂಸನ್ನು ನೋಡುವಾಗಲೇ ನಮಗೆ ಹೊಳೆದದ್ದು: ಮಲೆನಾಡಿನ ಒಂದು ಮನೆಯಲ್ಲಿ ಆರು ವರ್ಷದವನೊಬ್ಬನು ನಾಲ್ಕು ತಿಂಗಳು ಇದೇ ರೀತಿಯಾಗಿ ಬಾಗಿಲನ್ನು ನೋಡಿದ್ದನು. ಅವನ ತಾಯಿ ಎಲ್ಲಿದ್ದಳು? ನಮ್ಮ ಮನೆಯಲ್ಲಿ, ನಮ್ಮ ಕೂಸಿಗೆ ಜೋಗುಳ ಹಾಡುತ್ತಿದ್ದಳು.

ಮಕ್ಕಳ ಮನಸ್ಸಿನ ಈ ವ್ಯಥೆಯನ್ನು ಶಾಸ್ತ್ರವಾಗಿ ಅಭ್ಯಾಸ ಮಾಡಿದವರಲ್ಲಿ ಇಂಗ್ಲೆಂಡಿನ ಜಾನ್ ಬೌಲ್ಬಿ ಎಂಬ ವೈದ್ಯರು ಮುಖ್ಯರು. ಅವರು ಅನುಕೂಲಸ್ಥರ ಮನೆಯಲ್ಲಿ ಹುಟ್ಟಿ ದಾದಿಯರ ಕೈಯಲ್ಲಿ ಬೆಳೆದವರು. ತಾನು ಬಹಳ ಹಚ್ಚಿಕೊಂಡಿದ್ದ ದಾದಿಯು ಸುಮಾರು ನಾಲ್ಕು ವರ್ಷದ ಪ್ರಾಯದಲ್ಲಿ ತನ್ನನ್ನು ಬಿಟ್ಟು ಹೋದದ್ದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ತಾಯಿಯ ಆರೈಕೆಗೂ ಮಗುವಿನ ಮಾನಸಿಕ ಆರೋಗ್ಯಕ್ಕೂ ಇರುವ ಸಂಬಂಧವನ್ನು ಕುರಿತು ಅವರು ಬರೆದ ವರದಿಯನ್ನು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿತು. ಮಗುವಿಗೆ ಬೇಕಾದದ್ದು ಪದೇಪದೇ ಬದಲಾಗದ, ಕರೆದರೆ ಬರುವ ಒಂದು ಮುಖ. ಅದು ತಾಯಿಯದೊಂದೇ ಆಗಿರಬೇಕೆಂದಿಲ್ಲವೆಂದೂ, ಇಬ್ಬರು ಮೂವರನ್ನು ಹಚ್ಚಿಕೊಂಡ ಮಗುವಿಗೆ ತಾಯಿಯ ಮೇಲಣ ಪ್ರೀತಿ ಕುಂದುವದಿಲ್ಲವೆಂದೂ ಆಮೇಲಿನವರು ಕಂಡುಕೊಂಡರು. ಆದಕಾರಣ ಸಂಜೆ ಮನೆಗೆ ಬಂದ ತಾಯಿಯು, ಮಗು ಆಯಾಳ ಭುಜಕ್ಕೆ ಮುಖ ಒತ್ತಿಕೊಂಡು ತನ್ನ ಬಳಿಗೆ ಬರಲೊಲ್ಲದಿದ್ದರೆ, ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ಪಡುತ್ತಾರೆ, ನಮ್ಮ ಮಗಳೂ ಪಟ್ಟಳು. ಕೈಕಾಲು ತೊಳೆದು ನೆಲದ ಮೇಲೆ ಕುಳಿತು ಕಾದರೆ ಐದು ನಿಮಿಷದಲ್ಲಿ ಮಗು ತಾನೇ ಬರುತ್ತದೆ. ಆ ಕಿಚ್ಚಿನಿಂದ ಒಳ್ಳೆಯ ಆಯಾಳನ್ನು ಬಿಡಿಸಿದ ಮನೆಗಳನ್ನು ನಾವು ಕಂಡಿದ್ದೇವೆ.

ಆಯಾಳು ಹೊರಡುವ ದಿನ ಒಂದಿಲ್ಲೊಂದು ದಿನ ಬಂದೇ ಬರುತ್ತದೆ. ಹೊರಡುವದಕ್ಕೂ ಬಿಡಿಸುವದಕ್ಕೂ ಎರಡು ಕಡೆಯಿಂದಲೂ ಒಂದು ತಿಂಗಳಿನ ಮುನ್ಸೂಚನೆ ಇರಲೆಂದು ಆ ಹಾಳೆಯಲ್ಲಿಯೇ ಬರೆಯಿರಿ. ಮಗು ಮಲಗಿರುವಾಗ ಹಿಂದಿನ ಬಾಗಿಲಿನಿಂದ ಕಳುಹಿಸಬೇಡಿರಿ. ಅಳಲಿ, ಆದರೆ ಕೈಬೀಸಿ ಅಳಲಿ. ಹೊಸಬಳು ಬಂದು ಒಂದು ವಾರವಾದರೂ ಇಬ್ಬರೂ ಜೊತೆಯಲ್ಲಿದ್ದರೆ ಚೆನ್ನ. ಆಕೆಯ ಚಿತ್ರವೊಂದು ಮನೆಯಲ್ಲಿರಲಿ. ಹಳಬಳ ಹೆಸರನ್ನು ಹೊಸಬಳ ಎದುರಿನಲ್ಲಿ ಆಡಬಾರದೆಂದು ಕೆಲವು ಮನೆಗಳಲ್ಲಿ ಕಟ್ಟಳೆಯುಂಟು. ನಾವು ಹಾಗೆ ಮಾಡಲಿಲ್ಲ. ಆಮೇಲೆ ಬಂದ ಆಯಾಳಿಗೆ ಕರಾರನ್ನು ಬರೆದುಕೊಟ್ಟೆವು. ರಜೆಯ ದಿನಗಳನ್ನು ಅಡಿಗೆಮನೆಯ ಪಂಚಾಂಗದಲ್ಲಿ ಅವಳ ಕೈಯಿಂದಲೇ ಕೆಂಪು ಗುರುತು ಹಾಕಿಸಿದೆವು. ಆ ಬೇಸಿಗೆಯಲ್ಲಿ ಮಗುವನ್ನು ಕರಕೊಂಡು ಮಲೆನಾಡಿಗೆ ಹೋದೆವು. ಓಲೆಯನ್ನು ಬಿಡಿಸಿಕೊಡುವದಕ್ಕೆ ಹಣ ಕೊಟ್ಟಾಗ ಅವಳು ಮೊದಲು ಒಲ್ಲೆನೆಂದು, ನಾವು ಅದು ದಾನವಲ್ಲ, ತಡಮಾಡಿದ್ದಕ್ಕೆ ದಂಡವೆಂದಾಗ ತೆಗೆದುಕೊಂಡಳು. ನಮ್ಮ ಮೊಮ್ಮಗಳು ಅವಳ ಗುರುತು ಹಿಡಿಯದೆ ತಾಯಿಯ ಸೆರಗಿನ ಹಿಂದೆ ಅಡಗಿಕೊಂಡಿತು. ಹುಡುಗನು ಹಟ್ಟಿಯಿಂದ ಕರುವನ್ನು ಬಿಚ್ಚಿ ತಂದು ತೋರಿಸಿದ ಮೇಲೆಯೇ ಅದು ಹೊರಗೆ ಬಂದದ್ದು.